ವಕೀಲರು ಕರೆಸಿದ ತಂಗಿ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ಬೈಲಹೊಂಗಲದಲ್ಲಿ ನಾವು ಕೊಳ್ಳಲೆಂದು ಮನೆ ನೋಡಲು ಹೋದ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಕರೆತಂದಿದ್ದ ವಕೀಲರು ಚಹಾ ಕುಡಿಯುತ್ತ ಮನೆಯ ಮಾಲೀಕರನ್ನು ಕೇಳಿದರು: "ನಿಮಗ ಅಕ್ಕ-ತಂಗಿ ಅದಾರೇನ್ರಿ?"

"ಒಬ್ಬಾಕಿ ತಂಗಿ ಅದಾಳ್ರಿ. ಮದುವಿ ಮಾಡಿ ಮನೋಳಿಗೆ ಕೊಟ್ಟೇವಿ. ಆಕೀನ್ನ ಏನ್ ಕೇಳೂದ್ರಿ?"

"ಇದು ನಿಮ್ಮ ಅಪ್ಪನ ಮನಿ. ಆಕೀದೂ ಪಾಲು ಐತಿ."

ಮನೆ ಕೈತಪ್ಪಿತೆಂದು ಅಪ್ಪನ ಮುಖ ಸಣ್ಣದಾಯಿತು. ವಕೀಲರು ಅಲ್ಲಿಂದಲೇ ಫೋನು ಮಾಡಿಸಿದರು. ಸಂಜೆಯ ಬಸ್ಸಿಗೆ ಆ ತಂಗಿ ಬಂದರು. ಪಾಲಿನ ಮಾತು ಮುಗಿದ ಮೇಲೂ ಗೋಡೆ ಸವರುತ್ತ ನಿಂತೇ ಇದ್ದರು.

"ಸಹಿ ಮಾಡತೇನ್ರಿ. ಆದ್ರ ನಾಗರ ಪಂಚಮಿಗೆ ತವರಿಗಂತ ಇನ್ನ ಎಲ್ಲಿಗೆ ಬರ್ಲಿ?"

ನನ್ನ ಅವ್ವ ಹೇಳಿದಳು: "ಇಲ್ಲೇ ಬರ್ರಿ. ಜೋಕಾಲಿ ಕಟ್ಟಿರತೇನಿ."

ಶ್ರಾವಣದ ಹೊತ್ತಿಗೆ ನಾವು ಆ ಮನೆಗೆ ಬಂದಿದ್ದೆವು. ಪಂಚಮಿಗೆ ಆಕೆ ಉಂಡಿಯ ಡಬ್ಬಿ ಹಿಡಿದು ಬಂದರು. ಬಾಗಿಲಲ್ಲಿ ಯಾರನ್ನೂ ಕೂಗದೆ ನೇರ ಅಡುಗೆಮನೆಗೆ ನಡೆದರು.