ಮೂವತ್ತೆರಡು ಪ್ರತಿಗಳ ಓದುಗ

“ಒಟ್ಟಿಗೇ ಮೂವತ್ತೆರಡು ಪ್ರತಿ ಬೇಕಂತೆ ಕಣಮ್ಮ. ನಿನ್ನ ಸಹಿ ಬೇರೆ ಬೇಕಂತೆ. ಬೇಗ ಬಾ, ಮನಸ್ಸು ಬದಲಾಯಿಸಿಬಿಟ್ಟಾರು!”

ಪ್ರಕಾಶಕ ಶ್ರೀಧರ್ ಫೋನಿಟ್ಟ ಹತ್ತು ನಿಮಿಷಕ್ಕೆಲ್ಲ ಸೌಪರ್ಣಿಕಾ ಮುಳಬಾಗಿಲಿನಿಂದ ಕೋಲಾರಕ್ಕೆ ಹೊರಟ ಬಸ್ಸಿನಲ್ಲಿದ್ದಳು.

ಅವಳ ಚಿತ್ರಕಾದಂಬರಿ ‘ತಾತನ ಶಾಯಿ’ ಹೊರಬಂದು ಎಂಟು ತಿಂಗಳಾಗಿತ್ತು. ಮೂರು ವರ್ಷದ ಕೆಲಸ, ನೂರೈವತ್ತು ಪುಟ, ಜೊತೆಗೆ ವಾಸಿಯಾಗದ ಬೆನ್ನುನೋವು. ಅಚ್ಚಾದದ್ದು ಮುನ್ನೂರು. ಅದರಲ್ಲಿ ಇನ್ನೂರ ಅರವತ್ತು ಶ್ರೀಧರ್ ಅಂಗಡಿಯಲ್ಲಿ ಟೇಬಲ್ ಫ್ಯಾನಿಗೆ ಸ್ಟೂಲಾಗಿದ್ದವು. “ಇನ್ನೊಂದು ಮೂವತ್ತಾದ್ರೂ ಹೋಗ್ಲಿ, ಆಮೇಲೆ ಎರಡನೇ ಪುಸ್ತಕದ ಮಾತು” ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಬಂದಿದ್ದ ಒಂದೇ ಒಂದು ವಿಮರ್ಶೆ ‘ಮಕ್ಕಳ ಬೇಸಿಗೆ ರಜೆಗೆ ಒಳ್ಳೆಯ ಸಂಗಾತಿ’ ಎಂದು ಹರಸಿತ್ತು. ಅಪ್ಪ ವಿದ್ಯಾಧೀಶರಂತೂ ಪುಸ್ತಕವನ್ನು ತೆರೆದೂ ನೋಡದೆ ಟಿವಿ ಪಕ್ಕ ನಿಲ್ಲಿಸಿದ್ದರು. ಬಂದವರಿಗೆಲ್ಲ, “ನಮ್ಮ ಹುಡುಗಿ ಬೊಂಬೆ ಪುಸ್ತಕ ಮಾಡಿದಾಳೆ” ಎನ್ನುತ್ತಿದ್ದರು.

ಬೊಂಬೆ ಪುಸ್ತಕ! ತಾತ ಸೀತಾರಾಮಯ್ಯ ವಿಧವೆ ತಂಗಿ ಕೃಷ್ಣಮ್ಮನಿಗೆ ಪಿಂಚಣಿ ಅರ್ಜಿ ಎಂದು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡು, ದೇವರಾಯಸಮುದ್ರದ ಕೆರೆಯ ಕೆಳಗಿದ್ದ ಅವಳ ಗದ್ದೆಯನ್ನು ನುಂಗಿದ ಕಥೆ ಅದು. ಸ್ವಂತ ತಾತನನ್ನೂ ಬಿಡದ ಕಲಾವಿದೆಯ ಧೈರ್ಯ ಇಡೀ ಜಿಲ್ಲೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಂಗಡಿಯಲ್ಲಿ ಕೂತಿದ್ದ ಮುರಳಿಮೋಹನ್ ಕಣ್ಣಿಗೆ ಬಿದ್ದಿತ್ತು. ಶ್ರೀನಿವಾಸಪುರದವರು, ಐವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಅವರ ಕೈಯಲ್ಲಿದ್ದ ಪ್ರತಿಯ ತುಂಬ ಹಳದಿ ಚೀಟಿ, ಕೆಂಪು ಗೆರೆ. ಸೌಪರ್ಣಿಕಾ ಬಗ್ಗಿ ಆ ಚೀಟಿಗಳನ್ನು ಎಣಿಸತೊಡಗಿದಳು. ಯಾರೋ ಓದಿದ್ದಾರೆ. ಪೆನ್ನು ಹಿಡಿದು ಓದಿದ್ದಾರೆ!

“ಚಾನಾ ಬಾಗುಂದಮ್ಮಾ,” ಎಂದು ತೆಲುಗಿನಲ್ಲೇ ಮೆಚ್ಚಿದರು. “ಅರವತ್ತೊಂದನೇ ಪುಟ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ಈ ಸಹಿ ಹಾಕಿಸೋದು... ಇದು ಕಲ್ಪನೇನಾ?”

ಆ ಮಾತು ಅವಳನ್ನು ಚುಚ್ಚಿತು. “ಒಂದು ಗೆರೇನೂ ಕಲ್ಪನೆ ಅಲ್ಲ ಸರ್. ತಾತ ಕೊನೆಗಾಲದಲ್ಲಿ ಅವರೇ ಹೇಳಿದ್ದು. ಅದೂ ನಗ್ತಾ ನಗ್ತಾ.”

“ನಿಮ್ಮ ಮುಂದೇನೇ?”

“ನನ್ನ ಮುಂದೇನೇ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ಸತ್ಯ ಇಲ್ಲದ ಕಲೆ ಕಲೇನೇ ಅಲ್ಲ ಸರ್.”

“ಆಹಾ! ಇದೇ ಮಾತು ಹೀಗೇ ನಾಲ್ಕು ಜನರ ಮುಂದೆ ನಿಂತು ಹೇಳ್ತೀರಾ?”

ಮನೆಗೆ ನೆಂಟರು ಬಂದರೆ ಕೋಣೆ ಸೇರುವ ಹುಡುಗಿ ಅವಳು. ಆದರೆ ಈಗ ಕಣ್ಣ ಮುಂದೆ ವೇದಿಕೆ, ಮೈಕು, ಗಂಧದ ಹಾರ. “ಎಲ್ಲಿಗೆ ಕರೆದ್ರೂ ಬರ್ತೀನಿ ಸರ್.”

“ಕರೀತಾರೆ. ಪತ್ರ ಮನೆಗೇ ಬರುತ್ತೆ.”

ಶ್ರೀಧರ್ ಫ್ಯಾನನ್ನು ನೆಲಕ್ಕಿಳಿಸಿ ಪುಸ್ತಕಗಳ ಧೂಳು ಕೊಡವಿದರು. “ಎರಡನೇದು ಶುರು ಹಚ್ಕೋ ತಾಯಿ. ಅದರಲ್ಲಿ ನಿಮ್ಮಜ್ಜಿ ಬರ್ಲಿ.”

ಮೊದಲ ಪುಟಕ್ಕೆ ಸಹಿ ಹಾಕಹೊರಟವಳನ್ನು ಮುರಳಿಮೋಹನ್ ತಡೆದರು. ಅರವತ್ತೊಂದನೇ ಪುಟದ ಕೆಳಗೇ ಬೇಕಂತೆ. ಪೂರ್ತಿ ಹೆಸರು, ತಾರೀಖು ಸಮೇತ. ಎಂಥ ಅಭಿರುಚಿ! ಸೌಪರ್ಣಿಕಾ ಕರಗಿ ನೀರಾದಳು. ಅವರು ಕೇಳದಿದ್ದರೂ ಪ್ರತಿಯೊಂದರಲ್ಲೂ ‘ಇದೆಲ್ಲ ನಡೆದದ್ದೇ’ ಎಂದು ದುಂಡಗೆ ಬರೆದುಕೊಟ್ಟಳು.

“ನಿಮ್ಮ ಬಳಗ ದೊಡ್ಡದು ಅನ್ಸುತ್ತೆ ಸರ್,” ಎಂದಳು ಕೈ ಕೊಡವುತ್ತ. “ಎಲ್ಲರಿಗೂ ಸಾಹಿತ್ಯದ ಹುಚ್ಚಾ?”

“ಬಳಗ ನಿಮ್ಮದೇ ಅಮ್ಮ,” ಎಂದರು ಮುರಳಿಮೋಹನ್, ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತ. “ನಾನು ಕೃಷ್ಣಮ್ಮನ ಮೊಮ್ಮಕ್ಕಳ ಕಡೆ ವಕೀಲ. ಗದ್ದೆ ದಾವೇಲಿ ಕೋರ್ಟಿಗೊಂದು ಪ್ರತಿ, ಮೂವತ್ತೊಂದು ಜನ ಪ್ರತಿವಾದಿಗಳಿಗೆ ಒಂದೊಂದು. ಮೊದಲನೇದು ನಿಮ್ಮಪ್ಪಾವ್ರಿಗೆ.”