ತುಟಿಯ ಮೇಲಿನ ಬೆರಳು

"ಕೊನೇ ಸಲ ಕೇಳ್ತಿದ್ದೀನಿ, ಯಾರಿಗಾದ್ರೂ ಏನಾದ್ರೂ ತೊಂದರೆ ಇದೆಯಾ?" ಎಂದು ಅಧಿಕಾರಿ ವರದಿಯ ಮೇಲೆ ಪೆನ್ನು ಹಿಡಿದು ಕೇಳಿದರು. ವಲಯದ ನಲವತ್ತು ಶಾಲಾ ಗ್ರಂಥಪಾಲಕರು ಕೂತಿದ್ದ ಸಭೆಯಲ್ಲಿ ಫ್ಯಾನಿನ ಸದ್ದೊಂದೇ ಇತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾಕೆಗೆ ತೊಂದರೆ ಇತ್ತು. ಸೋಮವಾರದಿಂದ ಅವಳ ಲೈಬ್ರರಿ ಮುರಿದ ಕುರ್ಚಿಗಳ ಗೋದಾಮಾಗಲಿತ್ತು. ಹೆಡ್‌ಮಾಸ್ಟರು ಆಗಲೇ ಬೀಗದ ಕೈ ಕೇಳಿದ್ದರು.

ಆಕೆ ಎದ್ದು "ಸಾರ್!" ಎಂದಳು. ದನಿ ಅವಳೇ ಬೆಚ್ಚುವಷ್ಟು ಜೋರಾಗಿತ್ತು. ಥಟ್ಟನೆ ಸಭೆಗೆ ಸಭೆಯೇ ತಿರುಗಿ, ತುಟಿಗೆ ಬೆರಳಿಟ್ಟು "ಶ್‌ಶ್‌ಶ್!" ಎಂದಿತು. ಇಪ್ಪತ್ತು ವರ್ಷದ ಚಾಳಿ, ಬಿಟ್ಟೀತೇ?

"ಏನಮ್ಮಾ, ಏನೋ ಹೇಳೋಕೆ ಎದ್ರಲ್ಲ?" ಅಧಿಕಾರಿಗೂ ಗಲಿಬಿಲಿ. ಆಕೆಗೆ ಬಾಯಿ ತೆರೆಯಲಾಗಲಿಲ್ಲ. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಪಕ್ಕದವಳು ಸೆರಗು ಜಗ್ಗಿ, "ಅಕ್ಕಾ, ಮೊದಲು ಬೆರಳು ತೆಗೀರಿ" ಎಂದು ಪಿಸುಗುಟ್ಟಿದಳು. ನೋಡಿಕೊಂಡರೆ, ಎಲ್ಲರ ಜೊತೆ ಅವಳ ಬೆರಳೂ ಅವಳದೇ ತುಟಿಯ ಮೇಲಿತ್ತು!

"ಸರಿ, ಹಾಗಾದ್ರೆ ಯಾರಿಗೂ ತೊಂದರೆ ಇಲ್ಲ ಅಂತ ಬರ್ಕೋತೀನಿ," ಎಂದು ಅಧಿಕಾರಿ ತಲೆ ಬಗ್ಗಿಸಿದರು. ಆಕೆ ದಡದಡನೆ ಮುಂದೆ ನಡೆದು ಹೋಗಿ, ಅದೇ ಬೆರಳನ್ನು ಅವರ ಪೆನ್ನಿನ ಮೇಲೆ ಒತ್ತಿ ಹಿಡಿದಳು.