ಮಾವನ ಮನಿ ಊಟ

ಹೊಸದಾಗಿ ಡಾಕ್ಟರಾದ ಗುರುಶಾಂತನಿಗೆ ತರಬೇತಿಯ ಆಸ್ಪತ್ರೆ ಆರಿಸಿಕೊಳ್ಳಲು ಅಂದೇ ಕೊನೆಯ ದಿನ. ಗಡಿಯ ತಾಲೂಕು ಆಸ್ಪತ್ರೆಯಿಂದ ಸೀನಿಯರ್ ಪಂಪಣ್ಣ ಫೋನು ಮಾಡಿದ.

“ಇಲ್ಲಿಗೆ ಬಾರೋ ತಮ್ಮಾ. ದೊಡ್ಡ ದವಾಖಾನ್ಯಾಗ ಬರೇ ಫೈಲು ಹೊರ್ತಿ. ಇಲ್ಲಿ ಹೆರಿಗಿ, ಹೊಲಿಗಿ ಎಲ್ಲಾ ನಿನ್ನ ಕೈಯಾಗ. ಊಟ ಅಂತೂ ಮಾವನ ಮನಿ ಊಟ.”

ಗುರುಶಾಂತ ಹಿಗ್ಗಿ ಹೀರೇಕಾಯಿಯಾಗಿ ಅದನ್ನೇ ಆರಿಸಿದ. ಹೋಗಿ ನೋಡಿದರೆ ಪಂಪಣ್ಣ ಟ್ರಂಕು ಹಿಡಿದು ಗೇಟಿನಲ್ಲೇ ನಿಂತಿದ್ದ.

“ಎಲ್ಲಿಗೆ ಹೊಂಟಿ ಅಣ್ಣಾ?”

“ಮನಿಗೆ. ಬದಲಿ ಡಾಕ್ಟರ್ ಬರೂತನಕ ಇಲ್ಲಿಂದ ಯಾರನ್ನೂ ಬಿಡಂಗಿಲ್ಲೋ. ಇಷ್ಟು ದಿನ ನಾ ಒಬ್ನ ಇದ್ದೆ, ಇನ್ನ ನೀ ಒಬ್ನ.”

ಪಂಪಣ್ಣ ಹತ್ತಿದ ಬಸ್ಸು ಧೂಳೆಬ್ಬಿಸಿ ಹೋಯಿತು. ಗುರುಶಾಂತ ಅದರ ಹಿಂದೆ ಹೊಟ್ಟೆ ತುಂಬ ಬೈದ. ಆಮೇಲೆ ಗಂಟಲು ಸರಿಮಾಡಿಕೊಂಡು, ಬರುವ ವರ್ಷ ಡಾಕ್ಟರಾಗಲಿರುವ ಜೂನಿಯರ್‌ಗೆ ಫೋನು ಹಚ್ಚಿದ.

“ತಮ್ಮಾ, ಇಲ್ಲಿ ಊಟ ಅಂತೂ ಮಾವನ ಮನಿ ಊಟ.”